ಸಿಎನ್‌ಸಿ ಬಂದ ಮೇಲೂ ಹಳೆಯ ಲೇತ್ ಬೇಕು

2022ರ ಜೂನ್ 20ರಂದು ಪ್ರಧಾನಿ ನರೇಂದ್ರ ಮೋದಿ ಬೆಂಗಳೂರಿನಲ್ಲಿ ಕರ್ನಾಟಕದ 150 ಐಟಿಐಗಳ ಹೊಸ ರೂಪವನ್ನು ಉದ್ಘಾಟಿಸಿದರು. ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಕೈಗೊಂಡ ಈ ಯೋಜನೆಗೆ ತಗಲಿದ್ದು 4,600 ಕೋಟಿ ರೂಪಾಯಿಗೂ ಹೆಚ್ಚು. ಅರ ಹಿಡಿದು ಕಬ್ಬಿಣ ಉಜ್ಜುತ್ತಿದ್ದ ಮಕ್ಕಳ ಮುಂದೆ ಈಗ ಕಂಪ್ಯೂಟರ್ ಪ್ರೋಗ್ರಾಮ್‌ನಂತೆ ನಡೆಯುವ ಸಿಎನ್‌ಸಿ ಯಂತ್ರಗಳಿವೆ, ರೋಬಾಟ್‌ಗಳಿವೆ. ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ ಇದು.

ಹಾಗಾದರೆ ಕೈಯಿಂದ ನಡೆಸುವ ಹಳೆಯ ಲೇತ್‌ಗಳನ್ನು ಗುಜರಿಗೆ ಹಾಕಬಹುದೇ? ಖಂಡಿತ ಬೇಡ.

ಕಾರಣ ಶಾಖದಲ್ಲಿದೆ. ಉಕ್ಕನ್ನು ಕತ್ತರಿಸುವಾಗ ಹುಟ್ಟುವ ಬಿಸಿಯ ಒಂದು ಪಾಲು ಕತ್ತರಿಸುತ್ತಿರುವ ತುಂಡಿನಲ್ಲಿ, ಅಂದರೆ ಜಾಬ್‌ನಲ್ಲೇ ಉಳಿಯುತ್ತದೆ. ಒಂದು ಮೀಟರ್ ಉದ್ದದ ಉಕ್ಕು ಒಂದು ಡಿಗ್ರಿ ಕಾದರೆ ಸುಮಾರು 12 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಹಿಗ್ಗುತ್ತದೆ. ಈ ಲೆಕ್ಕದಲ್ಲಿ 100 ಮಿ.ಮೀ. ವ್ಯಾಸದ ಶಾಫ್ಟ್ 20 ಡಿಗ್ರಿ ಬಿಸಿಯೇರಿದರೆ 24 ಮೈಕ್ರಾನ್ ದಪ್ಪವಾಗುತ್ತದೆ. ಬಿಸಿಯಿದ್ದಾಗಲೇ ಮೈಕ್ರೋಮೀಟರ್ ಹಿಡಿದು ‘ಸೈಜ್ ಬಂತು’ ಎಂದು ಬಿಚ್ಚಿದ ಶಾಫ್ಟ್, ಆರಿದ ಮೇಲೆ ಬೇರಿಂಗ್‌ನೊಳಗೆ ಸಡಿಲವಾಗಿ ಕೂರುತ್ತದೆ. ಅಳತೆಗೆ 20 ಡಿಗ್ರಿ ಸೆಲ್ಸಿಯಸ್ಸನ್ನೇ ಜಗತ್ತೆಲ್ಲ ಮಾನಕವಾಗಿ ಒಪ್ಪಿಕೊಂಡಿರುವುದು ಇದಕ್ಕೇ. ಪುಸ್ತಕದಲ್ಲಿ ಓದಿದ ಉಷ್ಣ ವ್ಯಾಕೋಚನ ಕೈಗೆ ಸುಡುವುದು ಇಲ್ಲಿ.

ಲೇತ್‌ನಿಂದ ಸುರುಳಿಯಾಗಿ ಬೀಳುವ ಚಿಪ್ ಕೂಡ ಮಾತಾಡುತ್ತದೆ. ಹೈಸ್ಪೀಡ್ ಸ್ಟೀಲ್ ಟೂಲ್‌ನಲ್ಲಿ ಅದು ನೀಲಿಗೆ ತಿರುಗಿದರೆ ವೇಗ ಇಳಿಸಬೇಕು. ಇಲ್ಲವಾದರೆ ಟೂಲ್‌ನ ಮೊನೆ ಸಾಯುತ್ತದೆ. ಕಾರ್ಬೈಡ್ ಟೂಲ್‌ನಲ್ಲಿ ಅದೇ ನೀಲಿ ಬಣ್ಣಕ್ಕೆ ಬೇರೆ ಅರ್ಥ: ಹೆಚ್ಚಿನ ಬಿಸಿ ಚಿಪ್ ಜೊತೆಗೇ ಹೊರಹೋಗುತ್ತಿದೆ, ಕೆಲಸ ಸರಿಯಾಗಿ ನಡೆದಿದೆ. ಬಾಗಿಲು ಮುಚ್ಚಿ, ಕೂಲಂಟ್ ಸುರಿಯುತ್ತಿರುವ ಸಿಎನ್‌ಸಿಯಲ್ಲಿ ಹೊಸಬರಿಗೆ ಇದೊಂದೂ ಕಾಣದು. ತೆರೆದ ಲೇತ್‌ನಲ್ಲಿ ಕಂಡು, ಕೇಳಿ ಕಲಿತವರಿಗೆ ಮುಚ್ಚಿದ ಯಂತ್ರದ ಸದ್ದೇ ಸಾಕು.

ಸಿಎನ್‌ಸಿಗೆ ಅದರದೇ ಶಿಸ್ತಿದೆ. ಪ್ರೋಗ್ರಾಮಿನಲ್ಲಿ ಜಿ00 ಎಂಬ ಆಜ್ಞೆ ಬಂದರೆ ಟೂಲ್ ಪೂರ್ಣ ವೇಗದಲ್ಲಿ ಸಾಗುತ್ತದೆ. ಜಿ01 ಎಂದರೆ ಕೊಟ್ಟ ಫೀಡ್‌ನಲ್ಲಿ ಕತ್ತರಿಸುತ್ತಾ ಸಾಗುತ್ತದೆ. ಒಂದಂಕಿ ತಪ್ಪಿದರೆ ಟೂಲ್ ನೇರ ಉಕ್ಕಿಗೆ ಬಡಿಯುತ್ತದೆ, ಸ್ಪಿಂಡಲ್ ಬೇರಿಂಗ್‌ಗೇ ಏಟು. ಆದ್ದರಿಂದ ಪ್ರೋಗ್ರಾಮನ್ನು ಮೊದಲು ಸಿಮ್ಯುಲೇಟರ್‌ನಲ್ಲಿ ಓಡಿಸುವ ಅಭ್ಯಾಸ ಅತ್ಯಗತ್ಯ. ಪರದೆಯ ಮೇಲಿನ ತಪ್ಪಿಗೆ ಖರ್ಚಿಲ್ಲ.

ಕಲಿಕೆಯನ್ನೂ ಕಾರ್ಖಾನೆಯ ಕೆಲಸವನ್ನೂ ಹೊಂದಿಸಿದ ಮಾದರಿ ನಮ್ಮಲ್ಲೇ ಇದೆ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ತರಬೇತಿಯ ಜೊತೆಗೆ ಉದ್ಯಮಗಳಿಗೆ ಅಚ್ಚು, ಡೈಗಳನ್ನೂ ಮಾಡಿಕೊಡುತ್ತದೆ. ಇಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷದ ಕಲಿಕೆಯ ನಂತರ ಒಂದು ವರ್ಷ ಕಾರ್ಖಾನೆಯಲ್ಲೇ ದುಡಿಯಬೇಕು. ಗಿರಾಕಿಗೆ ಹೋಗುವ ಜಾಬ್‌ನಲ್ಲಿ ಹತ್ತು ಮೈಕ್ರಾನ್ ತಪ್ಪಿದರೂ ಅದು ವಾಪಸ್ ಬರುತ್ತದೆ. ಈ ಭಯ, ಈ ಜವಾಬ್ದಾರಿ ಪರೀಕ್ಷೆಯ ಅಂಕದಿಂದ ಬರುವಂಥದ್ದಲ್ಲ.

ಯಂತ್ರ ಕೊಳ್ಳಲು ಒಮ್ಮೆ ಹಣ ಸಾಕು. ಸವೆಯುವ ಇನ್ಸರ್ಟ್, ಕೂಲಂಟ್, ದುರಸ್ತಿ, ಶಿಕ್ಷಕರ ಮರುತರಬೇತಿಗೆ ಪ್ರತಿವರ್ಷ ಬೇಕು. ಮಕ್ಕಳನ್ನು ಐಟಿಐಗೆ ಸೇರಿಸುವ ಪಾಲಕರು ಹೊಸ ಯಂತ್ರ ನೋಡಿ ಸುಮ್ಮನಾಗದೆ, ವಾರಕ್ಕೆ ಎಷ್ಟು ಗಂಟೆ ತಮ್ಮ ಮಗುವೇ ಅದನ್ನು ನಡೆಸುತ್ತದೆ ಎಂದು ಕೇಳಿ ತಿಳಿದುಕೊಳ್ಳಲಿ.