ಖಿನ್ನತೆಯ ಔಷಧವೂ ಅದು ಬೇಡುವ ಕಾಲವೂ

ಖಿನ್ನತೆಗೆ ಔಷಧ ಆರಂಭಿಸಿದ ನಾಲ್ಕೈದು ದಿನಗಳಲ್ಲಿಯೇ 'ಗುಣ ಕಾಣಲಿಲ್ಲ'ವೆಂದು ಮಾತ್ರೆಯನ್ನು ಬದಿಗಿಡುವ ಮನೆಗಳು ನಮ್ಮ ರಾಜಾಜಿನಗರ, ವಿಜಯನಗರಗಳಲ್ಲಿಯೂ ಉಂಟು. ಈ ಔಷಧಗಳಲ್ಲಿ ಬಹುತೇಕವು ಮಿದುಳಿನ ಸೆರೊಟೊನಿನ್ ಮೊದಲಾದ ರಾಸಾಯನಿಕಗಳನ್ನು ಕೆಲವೇ ಗಂಟೆಗಳಲ್ಲಿ ಮುಟ್ಟುತ್ತವೆ. ಆದರೆ ಮನಸ್ಸು ಚೇತರಿಸಿಕೊಳ್ಳಲು ವಾರಗಳೇ ಬೇಕಾಗುತ್ತವೆ. ಈ ವಿಳಂಬದ ಕಾರಣವನ್ನು ವಿಜ್ಞಾನಿಗಳು ಹೆಚ್ಚಾಗಿ ಇಲಿಗಳಲ್ಲಿ ಅರಸಿದ್ದಾರೆ.

ಭಯವೋ ಸಂಕಟವೋ ಒದಗಿದಾಗ ಮಿದುಳಿನ ಅಪ್ಪಣೆಯಂತೆ, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಒಂದು ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಮನುಷ್ಯರಲ್ಲಿ ಅದು ಕಾರ್ಟಿಸೋಲ್, ಇಲಿಗಳಲ್ಲಿ ಕಾರ್ಟಿಕೋಸ್ಟಿರೋನ್. ಅಪಾಯ ಕಳೆದ ಬಳಿಕ ಆ ಸ್ರಾವಕ್ಕೆ ಕಡಿವಾಣ ಹಾಕುವಲ್ಲಿ, ನೆನಪಿಗೂ ಆಧಾರವಾದ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗದ ಪಾತ್ರ ಹಿರಿದು. ದಿನಕ್ಕೆ 6 ಗಂಟೆಯಂತೆ 21 ದಿನ ಇಲಿಯನ್ನು ಅಲುಗಾಡದಂತೆ ಇರಿಸಿದರೆ ಅಲ್ಲಿನ ನರಕೋಶಗಳ ಕವಲುಗಳು ಮೊಟಕಾಗುತ್ತವೆ. 1993ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಅಮಿಟ್ರಿಪ್ಟಿಲಿನ್ ಔಷಧವನ್ನು ವಾರಗಟ್ಟಲೆ ಪಡೆದ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಈ ಹಾರ್ಮೋನನ್ನು ಗುರುತಿಸುವ ಗ್ರಾಹಕಗಳು ಹೆಚ್ಚಿದವು. ಒತ್ತಡಕ್ಕೆ ದೇಹ ತೋರುವ ಪ್ರತಿಕ್ರಿಯೆಯೂ ತಗ್ಗಿತು. ಎಂದರೆ, ಸಡಿಲಗೊಂಡ ಕಡಿವಾಣವನ್ನು ಔಷಧವು ಮೆಲ್ಲಮೆಲ್ಲನೆ ಬಿಗಿಮಾಡುತ್ತದೆಂದು ತಿಳಿಯಬಹುದು.

ಇಲಿಯ ದುಃಖವನ್ನು ಅಳೆಯುವುದಾದರೂ ಹೇಗೆ? ನೀರಿನ ಪಾತ್ರೆಯಲ್ಲಿ ಬಿಟ್ಟ ಇಲಿ ಈಜು ನಿಲ್ಲಿಸಿ ತೇಲುವುದನ್ನೇ ನಿರಾಶೆಯೆಂದೆಣಿಸುವ ಪರೀಕ್ಷೆ 1977ರಿಂದ ರೂಢಿಯಲ್ಲಿದೆ. ಅದು ನಿರಾಶೆಯೋ, ಶಕ್ತಿಯನ್ನು ಉಳಿಸಿಕೊಳ್ಳುವ ಜಾಣತನವೋ! ಅದೂ ಅಲ್ಲದೆ ಅಲ್ಲಿ ಔಷಧದ ಫಲ ಒಂದೇ ದಿನದಲ್ಲಿ ಗೋಚರಿಸುತ್ತದೆ. ರೋಗಿಯ ಅನುಭವ ಹಾಗಿಲ್ಲ. ಆದುದರಿಂದ ದೀರ್ಘಕಾಲದ ಪ್ರಯೋಗಗಳಿಗೇ ಹೆಚ್ಚಿನ ಬೆಲೆ ಕೊಡುವುದು ಯುಕ್ತ.

ಅಂತಹ ಪ್ರಯೋಗಗಳು ನಮ್ಮ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯಲ್ಲಿಯೇ ನಡೆದಿವೆ. ಅಲ್ಲಿನ ವಿ. ಭಾಗ್ಯ, ಬಿ. ಎಸ್. ಶಂಕರನಾರಾಯಣ ರಾವ್, ಟಿ. ಆರ್. ರಾಜು ಮೊದಲಾದವರು ಬಳಸಿದ ಮಾದರಿ ಸೋಜಿಗದ್ದು. ಕ್ಲೋಮಿಪ್ರಮಿನ್ ಸ್ವತಃ ಖಿನ್ನತೆಯ ಔಷಧ. ಅದನ್ನೇ ಹುಟ್ಟಿದ ಮೊದಲ ವಾರಗಳಲ್ಲಿ ಇಲಿಮರಿಗಳಿಗೆ ಕೊಟ್ಟರೆ ಅವು ಬೆಳೆದ ಮೇಲೆ ಖಿನ್ನತೆಯ ಲಕ್ಷಣಗಳನ್ನು ತೋರುತ್ತವೆ. ಅವುಗಳ ಕಲಿಕೆಯೂ ಕುಂಠಿತವಾಗುವುದೆಂದು 2008ರಲ್ಲಿ ವರದಿಯಾಯಿತು. ಇಂತಹ ಇಲಿಗಳಿಗೆ ಎಸಿಟಲೊಪ್ರಾಮ್ ಔಷಧವನ್ನು ಬಿಡದೆ ಹಲವು ದಿನ ಕೊಟ್ಟಾಗ ಕಲಿಕೆ ಮರಳಿತು. ಹಿಪೊಕ್ಯಾಂಪಸ್‌ನ ನರಕೋಶಗಳ ಸಂಪರ್ಕಗಳು ಬಲಗೊಳ್ಳುವ ಸಾಮರ್ಥ್ಯವೂ ಮರಳಿತೆಂದು 2011ರ ಪ್ರಬಂಧ ತಿಳಿಸುತ್ತದೆ.

ಅದೇ ಸಂಸ್ಥೆಯವರು 2009ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವೂ ಸ್ಮರಣೀಯ. ಒತ್ತಡದಿಂದ ಬಳಲಿದ ಇಲಿಗಳನ್ನು ಚಟುವಟಿಕೆಗೆ ಅನುಕೂಲವಾದ ಸಮೃದ್ಧ ಪರಿಸರದಲ್ಲಿ ಇರಿಸಿದಾಗ, ಹಿಪೊಕ್ಯಾಂಪಸ್‌ನಲ್ಲಿ ಕುಂದಿದ್ದ ಹೊಸ ಕೋಶಗಳ ಹುಟ್ಟು ಚೇತರಿಸಿಕೊಂಡಿತು. ಇದನ್ನೇ ಹಿಡಿದು ಮಾತ್ರೆ ಬೇಡವೆನ್ನುವವರು ಇಲ್ಲದಿಲ್ಲ. ಆ ಪ್ರಬಂಧ ಅಷ್ಟನ್ನು ಹೇಳುವುದಿಲ್ಲ.