ರಕ್ತದಲ್ಲಿ ಕ್ಯಾನ್ಸರ್ ಕಣ ಹಿಡಿಯುವ ಪಾಲಿಮರ್
(ಜುಮಾ ಖುತ್ಬಾದ ಸಾರಾಂಶ)

ಕಾಯಿಲೆ ಬಂದಾಗ ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿವರ್ಯರು(ಸ) ನಮಗೆ ಕಲಿಸಿದ್ದಾರೆ. ಈ ವಾರ ಇದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಪಿ.ಜೆ. ಬಡಾವಣೆಯ ಯುವಕನೊಬ್ಬ ನಮಾಝ್ ಮುಗಿದ ಮೇಲೆ ಕೇಳಿದ: "ಹಜ್ರತ್, ಅಮ್ಮಿಯ ಎದೆಯಲ್ಲಿ ಗಂಟಿದೆ. ಡಾಕ್ಟರು ಬಯಾಪ್ಸಿ ಹೇಳಿದ್ದಾರೆ. ಸೂಜಿ ಚುಚ್ಚಿದರೆ ಹರಡುತ್ತದೆಂದು ಮನೆಯಲ್ಲಿ ಹೆದರಿದ್ದಾರೆ. ಈಗ ರಕ್ತದಲ್ಲೇ ಕ್ಯಾನ್ಸರ್ ಹಿಡಿಯುವ ವಸ್ತು ಬಂದಿದೆಯಂತೆ, ಅದು ಸಾಲದೇ?"

ವಸ್ತು ಇರುವುದು ನಿಜ. ಗಡ್ಡೆಯಿಂದ ಕಳಚಿದ ಜೀವಕೋಶಗಳು ರಕ್ತದಲ್ಲಿ ಅಲೆಯುತ್ತವೆ. 1869ರಲ್ಲೇ ಆಸ್ಟ್ರೇಲಿಯಾದ ವೈದ್ಯ ಥಾಮಸ್ ಆಶ್‌ವರ್ತ್ ಇವನ್ನು ಮೃತ ರೋಗಿಯೊಬ್ಬರ ರಕ್ತದಲ್ಲಿ ಕಂಡಿದ್ದರು. ಒಂದು ಮಿಲಿಲೀಟರ್ ರಕ್ತದಲ್ಲಿ ಕೆಂಪು ಕಣಗಳೇ ಸುಮಾರು 500 ಕೋಟಿ. ಅವುಗಳ ನಡುವೆ ಇಂಥವು ಬೆರಳೆಣಿಕೆಯಷ್ಟು. 2004ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ 'ಸೆಲ್‌ಸರ್ಚ್' ಪರೀಕ್ಷೆ ಇವನ್ನು 7.5 ಮಿಲಿಲೀಟರ್ ರಕ್ತದಲ್ಲಿ ಎಣಿಸುತ್ತದೆ. ಕೋಶದ ಮೇಲಿನ ಒಂದು ಪ್ರೋಟೀನನ್ನು ಗುರುತಿಸಿ, ಕಬ್ಬಿಣದ ಕಣ ಅಂಟಿಸಿ, ಅಯಸ್ಕಾಂತದಿಂದ ಎಳೆಯುತ್ತದೆ. ಆ ಪ್ರೋಟೀನ್ ಕಳೆದುಕೊಂಡ ಕೋಶಗಳು ಮಾತ್ರ ತಪ್ಪಿಸಿಕೊಳ್ಳುತ್ತವೆ.

ಇಲ್ಲಿ ಪಾಲಿಮರ್ ನೆರವಿಗೆ ಬರುತ್ತದೆ. ಸಾಮಾನ್ಯ ಪ್ಲಾಸ್ಟಿಕ್‌ಗೆ ರಕ್ತ ತಾಗಿದರೆ ಅದರ ಪ್ರೋಟೀನುಗಳು ಅಂಟಿ ರೂಪ ಕೆಡುತ್ತವೆ, ಪ್ಲೇಟ್‌ಲೆಟ್‌ಗಳು ಮುತ್ತುತ್ತವೆ, ರಕ್ತ ಹೆಪ್ಪುಗಟ್ಟುತ್ತದೆ. ಜಪಾನಿನ ಮಸಾರು ತನಾಕಾ ಅಧ್ಯಯನ ಮಾಡಿದ 'ಪಿಎಂಇಎ' ಪಾಲಿಮರ್ ತನ್ನ ಮೈಮೇಲೆ ನೀರನ್ನು ಒಂದು ವಿಶೇಷ ರೀತಿಯಲ್ಲಿ ಹಿಡಿದಿಡುತ್ತದೆ. ತೀರಾ ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಹಾಗಾಗಿ ಪ್ಲೇಟ್‌ಲೆಟ್ ಅಂಟುವುದು ಬಹಳ ಕಡಿಮೆ. ಹೃದಯದ ಆಪರೇಷನ್ನಿನಲ್ಲಿ ರಕ್ತಕ್ಕೆ ಆಮ್ಲಜನಕ ತುಂಬುವ ಯಂತ್ರಕ್ಕೆ ಇದೇ ಲೇಪನ ಬಳಸುತ್ತಾರೆ. ಅಚ್ಚರಿಯೆಂದರೆ, ಪ್ಲೇಟ್‌ಲೆಟ್ ನಿಲ್ಲದ ಈ ಮೇಲ್ಮೈಗೆ ಕ್ಯಾನ್ಸರ್ ಕೋಶಗಳು ಅಂಟಿಕೊಳ್ಳುತ್ತವೆ. ಸುಬ್‌ಹಾನಲ್ಲಾಹ್!

ಆದರೆ ಇದು ಇನ್ನೂ ಸಂಶೋಧನೆಯ ಹಂತದ್ದು. ಸೆಲ್‌ಸರ್ಚ್ ಕೂಡ ಕಾಯಿಲೆ ಖಚಿತವಾದವರಲ್ಲಿ ಅದು ಎತ್ತ ಸಾಗಿದೆ ಎಂದು ನೋಡಲಿಕ್ಕೆ. ಗಂಟು ಯಾವುದೆಂದು ಹೇಳುವುದು ಬಯಾಪ್ಸಿಯೇ. ಸೂಜಿಯ ಭಯದ ಬಗ್ಗೆಯೂ ಯೋಚಿಸಿ: ರಕ್ತದಲ್ಲಿ ಅಲೆಯುವ ಆ ಕೋಶಗಳನ್ನು ಯಾವ ಸೂಜಿಯೂ ಅಲ್ಲಿಗೆ ತಳ್ಳಿದ್ದಲ್ಲ, ಗಡ್ಡೆ ತಾನೇ ಉದುರಿಸಿದ್ದು. ಬಯಾಪ್ಸಿಯಿಂದ ಹರಡುವುದು ಅತಿ ಅಪರೂಪ. ತಡಮಾಡಿ ಹರಡುವುದೇ ಹೆಚ್ಚು. ತವಕ್ಕುಲ್ ಎಂದರೆ ಒಂಟೆಯನ್ನು ಕಟ್ಟದೆ ಬಿಡುವುದಲ್ಲ. (ಪರೀಕ್ಷೆಗೆ ರಕ್ತ ಕೊಟ್ಟರೆ ರೋಜಾ ಮುರಿಯುವುದಿಲ್ಲ, ಇದನ್ನೂ ಹಲವರು ಕೇಳಿದ್ದಾರೆ.)

"ಸೋಮವಾರವೇ ಅಮ್ಮಿಯನ್ನು ಕರೆದುಕೊಂಡು ಹೋಗು" ಎಂದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಬೇಕಾಗಿದ್ದು, ಜೊತೆಗೆ ಬರುವವರಿಲ್ಲದ ಮನೆಗಳಿದ್ದರೆ ಅಸರ್ ನಮಾಝಿನ ನಂತರ ಮಸೀದಿಯಲ್ಲಿ ನನ್ನನ್ನು ಕಾಣಿರಿ.