ಎಣ್ಣೆಯ ಚೀಲದಲ್ಲಿ ಹೋಗುವ ಔಷಧ



ದಾಳಿಂಬೆಯ ತೇಲ್ಯಾಕ್ಕೆ, ತೊಗರಿಯ ಕಾಯಿಕೊರಕಕ್ಕೆ, ಮನೆಯ ಹಿರಿಯರ ಕೊಲೆಸ್ಟರಾಲ್‌ಗೆ, ಎಲ್ಲಕ್ಕೂ ‘ಆರ್‌ಎನ್‌ಎ ಔಷಧ’ ಬಂದಿದೆಯಂತೆ, ನಿಜವೇ ಎಂದು ಅಕ್ಕಲಕೋಟೆ ಕಡೆಯ ರೈತರು ಕೇಳುತ್ತಾರೆ. ಸ್ವಲ್ಪ ನಿಜ, ಸ್ವಲ್ಪ ಅಲ್ಲ. ಎಲ್ಲಿಯವರೆಗೆ ನಿಜವೆಂದು ತಿಳಿಯಲು ಔಷಧದ ಜೊತೆಗೆ ಅದನ್ನು ಹೊತ್ತೊಯ್ಯುವ ಗಾಡಿಯನ್ನೂ ನೋಡಬೇಕು.

ಜೀವಕೋಶದ ನಡುವೆ ಇರುವ ವಂಶವಾಹಿಗಳು ಯಾವ ಪ್ರೊಟೀನ್ ತಯಾರಾಗಬೇಕು ಎಂಬ ಚೀಟಿಗಳನ್ನು ಹೊರಗೆ ಕಳಿಸುತ್ತವೆ. ಆ ಚೀಟಿಯೇ ಸಂದೇಶವಾಹಕ ಆರ್‌ಎನ್‌ಎ. ಎರಡು ಎಳೆಯ ಆರ್‌ಎನ್‌ಎ ಒಳಗೆ ಹೋದರೆ, ಅದಕ್ಕೆ ಹೊಂದುವ ಚೀಟಿಯನ್ನು ಕೋಶವೇ ಹರಿದುಹಾಕುತ್ತದೆ ಎಂಬುದನ್ನು ಅಮೆರಿಕದ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ 1998ರಲ್ಲಿ ಒಂದು ಸಣ್ಣ ಹುಳುವಿನಲ್ಲಿ ತೋರಿಸಿಕೊಟ್ಟರು. ವಂಶವಾಹಿ ಇದ್ದಲ್ಲೇ ಇರುತ್ತದೆ, ಅದರ ಮಾತು ಮಾತ್ರ ನಿಲ್ಲುತ್ತದೆ. 2006ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು.

ಆದರೆ ಔಷಧ ಬರಲು ಮತ್ತೆ ಹನ್ನೆರಡು ವರ್ಷ ಹಿಡಿಯಿತು. ಕಾರಣವೇನು? ಬರೀ ಆರ್‌ಎನ್‌ಎಯನ್ನು ರಕ್ತಕ್ಕೆ ಬಿಟ್ಟರೆ ಅಲ್ಲಿನ ಕಿಣ್ವಗಳು ಅದನ್ನು ತುಂಡರಿಸುತ್ತವೆ, ಮೂತ್ರಪಿಂಡ ಹೊರಗೆ ಹಾಕುತ್ತದೆ. ಉಳಿದದ್ದು ಕೋಶದ ಬಾಗಿಲಿಗೆ ಹೋದರೂ ಒಳಗೆ ನುಗ್ಗಲಾರದು. ಕೋಶದ ಪೊರೆ ಕೊಬ್ಬಿನದು, ಆರ್‌ಎನ್‌ಎ ನೀರಿನಲ್ಲಿ ಕರಗುವಂಥದು. ಸಾಲದ್ದಕ್ಕೆ ಎರಡರ ಮೇಲೂ ಋಣ ವಿದ್ಯುದಂಶವಿದ್ದು ಒಂದನ್ನೊಂದು ದೂರ ತಳ್ಳುತ್ತವೆ.

ಹಾಗಾಗಿ ವಿಜ್ಞಾನಿಗಳು ಅದನ್ನು ಕೊಬ್ಬಿನ ಚೀಲದಲ್ಲಿ ಕಟ್ಟಿದರು. ಧನ ವಿದ್ಯುದಂಶವುಳ್ಳ ಇಂಥ ಕೊಬ್ಬುಗಳ ಮೇಲೆ ನಮ್ಮ ನೆರೆಯ ಹೈದರಾಬಾದಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಲ್ಲೂ ಬಹಳ ವರ್ಷ ಕೆಲಸ ನಡೆದಿದೆ. ಧನ ಅಂಶ ಸದಾ ಇದ್ದರೆ ಆರ್‌ಎನ್‌ಎ ಚೆನ್ನಾಗಿ ಅಂಟುತ್ತದೆ, ಆದರೆ ಅದು ದೇಹದ ಕೋಶಗಳಿಗೂ ವಿಷವಾಗಬಹುದು. ಆಮೇಲೆ ಕಂಡುಕೊಂಡ ಉಪಾಯ ಸೊಗಸಾಗಿದೆ. ಹುಳಿ ತಗುಲಿದಾಗ ಮಾತ್ರ ಧನ ಅಂಶ ಪಡೆಯುವ ಕೊಬ್ಬನ್ನು ಮಾಡಿದರು. ರಕ್ತದಲ್ಲಿ ಹುಳಿಯಿಲ್ಲ, ಚೀಲ ಸುಮ್ಮನಿರುತ್ತದೆ. ಕೋಶವು ಅದನ್ನು ನುಂಗಿ ಒಳಗಿನ ಒಂದು ಸಣ್ಣ ಕೋಣೆಯಲ್ಲಿ ಇಡುತ್ತದೆ. ಆ ಕೋಣೆ ಕ್ರಮೇಣ ಹುಳಿಯಾಗುತ್ತದೆ. ಆಗ ಹುಳಿ ಬಿದ್ದ ಹಾಲು ಒಡೆದಂತೆ (ಹೋಲಿಕೆ ಅಷ್ಟಕ್ಕಷ್ಟೇ) ಚೀಲವೂ ಕೋಣೆಯ ಗೋಡೆಯೂ ಒಡೆದು ಆರ್‌ಎನ್‌ಎ ಹೊರಬೀಳುತ್ತದೆ. ಹೀಗೆ ಪಾರಾಗುವುದು ನೂರಕ್ಕೆ ಒಂದೆರಡು ಪಾಲು ಮಾತ್ರ ಎಂದು ಪ್ರಯೋಗಗಳಲ್ಲಿ ಕಂಡಿದೆ. ಅಷ್ಟೇ ಸಾಕಾಗುತ್ತದೆ. ಈ ಚೀಲದ ಅಗಲ ನಮ್ಮ ತಲೆಗೂದಲಿನ ಸುಮಾರು ಸಾವಿರದ ಒಂದು ಪಾಲು.

2018ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ‘ಪಾಟಿಸಿರಾನ್’ ಈ ಬಗೆಯ ಮೊದಲ ಔಷಧ. ಯಕೃತ್ತು ತಯಾರಿಸುವ ಒಂದು ಕೆಟ್ಟ ಪ್ರೊಟೀನ್ ನರಗಳಲ್ಲಿ ಸೇರಿಕೊಂಡು ಕೈಕಾಲು ಸೋಲಿಸುವ ವಂಶಪಾರಂಪರ್ಯ ರೋಗಕ್ಕೆ ಅದನ್ನು ಮೂರು ವಾರಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುತ್ತಾರೆ. ಯಕೃತ್ತಿನ ರೋಗವೇ ಏಕೆ? ರಕ್ತದಲ್ಲಿ ಕೊಬ್ಬು ಹೊರುವ ಒಂದು ಪ್ರೊಟೀನ್ ಈ ಚೀಲಕ್ಕೆ ಅಂಟಿಕೊಳ್ಳುತ್ತದೆ, ಯಕೃತ್ತು ಅದರ ಗುರುತು ಹಿಡಿದು ಒಳಗೆ ಎಳೆದುಕೊಳ್ಳುತ್ತದೆ. ಬೇರೆ ಅಂಗಗಳಿಗೆ ಚೀಲ ತಲುಪಿಸುವುದು ಇನ್ನೂ ಕಷ್ಟದ ಕೆಲಸ.

ಕೊಲೆಸ್ಟರಾಲ್‌ನ ಮಾತೂ ನಿಜವೇ. ‘ಇಂಕ್ಲಿಸಿರಾನ್’ ಎಂಬ ಚುಚ್ಚುಮದ್ದಿಗೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆರಂಭದ ಎರಡು ಡೋಸುಗಳ ನಂತರ ಆರು ತಿಂಗಳಿಗೊಮ್ಮೆ ಕೊಡುತ್ತಾರೆ. ಅದಕ್ಕೆ ಕೊಬ್ಬಿನ ಚೀಲವಿಲ್ಲ. ಯಕೃತ್ತು ಗುರುತಿಸುವ ಸಕ್ಕರೆಯ ತುಣುಕನ್ನು ಆರ್‌ಎನ್‌ಎಗೇ ಜೋಡಿಸಿದ್ದಾರೆ. ಅದರ ಸುದ್ದಿ ಕೇಳಿ ಯಾರೂ ಡಾಕ್ಟರು ಬರೆದುಕೊಟ್ಟ ದಿನದ ಮಾತ್ರೆಯನ್ನು ಬಿಡಬಾರದು. ಪುಣೆಯ ಜೆನ್ನೋವಾ ಕಂಪನಿಯ ಕೋವಿಡ್ ಲಸಿಕೆಗೆ 2022ರ ಜೂನ್‌ನಲ್ಲಿ ತುರ್ತು ಅನುಮತಿ ಸಿಕ್ಕಿತಲ್ಲ, ಅದರ ಆರ್‌ಎನ್‌ಎಯನ್ನು ಹೊತ್ತದ್ದೂ ಕೊಬ್ಬೇ. ಆದರೆ ಅದು ಚೀಟಿ ಹರಿಯುವುದಿಲ್ಲ, ಹೊಸ ಚೀಟಿ ಕೊಡುತ್ತದೆ.

ಇನ್ನು ಹೊಲದ ವಿಷಯ. ಅಮೆರಿಕದಲ್ಲಿ ಆಲೂಗಡ್ಡೆಯ ದುಂಬಿಗೆ ಸಿಂಪಡಿಸುವ ಆರ್‌ಎನ್‌ಎ ಔಷಧಕ್ಕೆ 2023ರ ಡಿಸೆಂಬರ್‌ನಲ್ಲಿ ನೋಂದಣಿ ಸಿಕ್ಕಿತು. ಎಲೆಯ ಜೊತೆ ತಿಂದ ಆರ್‌ಎನ್‌ಎಯನ್ನು ದುಂಬಿಯ ಕರುಳು ಹೀರಿಕೊಳ್ಳುತ್ತದೆ. ತೊಗರಿಯ ಕಾಯಿಕೊರಕ ದುಂಬಿಯಲ್ಲ, ಪತಂಗದ ಮರಿ. ಈ ಜಾತಿಯ ಹುಳುಗಳ ಕರುಳಿನ ರಸ ಆರ್‌ಎನ್‌ಎಯನ್ನು ಬೇಗ ಹಾಳುಮಾಡುತ್ತದೆ. ಅದಕ್ಕೇ ಇಲ್ಲಿಯೂ ಕೊಬ್ಬು, ಜೇಡಿ ಮುಂತಾದ ಹೊದಿಕೆಗಳ ಪ್ರಯೋಗ ನಡೆದಿದೆ. ಯಾರಾದರೂ ಇಂಥ ಬಾಟಲಿ ತಂದರೆ ಮೊದಲು ಅದರ ಮೇಲೆ ಕೇಂದ್ರ ಕೀಟನಾಶಕ ಮಂಡಳಿಯ ನೋಂದಣಿ ಸಂಖ್ಯೆ ಇದೆಯೇ ನೋಡಿರಿ, ಪಕ್ಕಾ ಬಿಲ್ ಕೇಳಿರಿ. ಹಂಗಾಮಿನ ಸಾಲ ಹೋಗುವುದು ನಿಮ್ಮ ಹೆಸರಿನಲ್ಲಿ, ಏಜೆಂಟನ ಹೆಸರಿನಲ್ಲಲ್ಲ.

ತೇಲ್ಯಾದ ಮಾತಂತೂ ಬೇರೆಯೇ. ಕಾಯಿಯ ಮೇಲಿನ ಎಣ್ಣೆಯಂಥ ಚುಕ್ಕೆಯಿಂದ ಅದಕ್ಕೆ ಆ ಹೆಸರು. ಅದನ್ನು ತರುವುದು ಬ್ಯಾಕ್ಟೀರಿಯಾ. ಮೇಲೆ ಹೇಳಿದ ಚೀಟಿ ಹರಿಯುವ ವ್ಯವಸ್ಥೆ ಬ್ಯಾಕ್ಟೀರಿಯಾದೊಳಗೆ ಇಲ್ಲ. ಎಂಥ ಚೀಲದಲ್ಲಿ ಕಟ್ಟಿ ಕಳಿಸಿದರೂ ಅಲ್ಲಿ ಅದನ್ನು ಓದುವವರಿಲ್ಲ. ರೋಗ ತಗುಲಿದ ಟೊಂಗೆ, ಕಾಯಿಗಳನ್ನು ತೆಗೆದು ಸುಡುವುದು, ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಒಯ್ಯುವಾಗ ಸೋಂಕುನಾಶಕದಲ್ಲಿ ಅದ್ದುವುದು, ರೋಗವಿಲ್ಲದ ಸಸಿಯನ್ನೇ ನೆಡುವುದು, ಇವು ಇಂದಿಗೂ ತಪ್ಪದ ಕೆಲಸಗಳು. ಸಂದೇಹವಿದ್ದವರು ಸೋಲಾಪುರದ ಕೇಗಾಂವದಲ್ಲಿರುವ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರದವರನ್ನು ಕೇಳಬಹುದು.